ವಾಸನೆ ಇರಕೂಡದು

ಇನ್ನು ಮೇಲೆ ಊರಲ್ಲಿ ವಾಸನೆ ಇರಕೂಡದು ಎಂದು ಮುಖಂಡ ಕೋ ದಲ್ಸು ಬೆಳಗಾಗುತ್ತಲೇ ಮೈಕಿನಲ್ಲಿ ಕೂಗಿ ಹೇಳಿದ.

ಎರಡು ಸಲ ಹೇಳಿದ. ಮೊದಲ ಸಲ ಗಂಟಲಲ್ಲಿ ಕಫ ಕಟ್ಟಿತ್ತು. ಅದನ್ನು ಕ್ಯಾಕರಿಸಿ ಉಗಿದದ್ದೂ ಕಂಬಕ್ಕೆ ಕಟ್ಟಿದ ಹಾರ್ನುಗಳಲ್ಲಿ ಊರಿಗೆಲ್ಲ ಕೇಳಿಸಿತು. ಆಮೇಲೆ ವಿಷಯಕ್ಕೆ ಬಂದ. ಮುಂದಿನ ವಾರ ಕಡಲಾಚೆಯಿಂದ ದೊಡ್ಡ ಸಾಹೇಬರು ಬರುತ್ತಾರೆ. ರಸ್ತೆಯಿಂದ ನೋಡಿದರೆ ಹಂದಿ ಕಾಣಬಾರದು. ಹಂದಿಹಟ್ಟಿ ಕಾಣಬಾರದು. ತಿಪ್ಪೆ ಕಾಣಬಾರದು. ನೊಣ ಕಾಣಬಾರದು. ನಮ್ಮದು ಮಾದರಿ ಊರು, ಮಾದರಿ ಊರಿನ ಜನ ಮಾದರಿ ಥರ ಇರಬೇಕು. ಇಷ್ಟು ಹೇಳಿ, ಮೈಕು ಆರಿಸುವುದನ್ನು ಮರೆತು, ಹೆಂಡತಿಗೆ "ಗಂಜಿ ಆಯ್ತೇನೇ?" ಎಂದ. ಅದೂ ಊರಿಗೆಲ್ಲ ಕೇಳಿಸಿತು.

ಗಪ್ಸನ್ ಆ ಹೊತ್ತಿಗೆ ಅವನದೇ ಮನೆಯ ಹಿತ್ತಲಿನ ಹಂದಿಹಟ್ಟಿಯಲ್ಲಿ ಮೊಣಕಾಲವರೆಗೆ ಹೂತು ನಿಂತಿದ್ದಳು.

ಜೇಜು ದ್ವೀಪದ ಹಟ್ಟಿ ಎಂದರೆ ಕರಿಗಲ್ಲು ಪೇರಿಸಿದ ಗುಂಡಿ. ಕೆಳಗೆ ಕರಿಹಂದಿ, ಮೇಲೆ ಎರಡು ಚಪ್ಪಡಿ. ಮನೆಯವರು ಬೆಳಿಗ್ಗೆ ಎದ್ದು ಆ ಚಪ್ಪಡಿಯ ಮೇಲೆ ಕೂರುತ್ತಾರೆ. ಹಂದಿ ಕೆಳಗೆ ಬಾಯಿ ತೆರೆದು ಕಾಯುತ್ತಿರುತ್ತದೆ. ವರ್ಷವಿಡೀ ಹುಲ್ಲು ಹಾಕುತ್ತ ಹೋಗುವುದು, ಹಂದಿ ತುಳಿಯುತ್ತ ಹೋಗುವುದು. ಚಳಿಗೆ ಮುಂಚೆ, ಜವೆಗೋಧಿ ಬಿತ್ತುವ ಕಾಲಕ್ಕೆ, ಅದನ್ನೆಲ್ಲ ಮೇಲೆತ್ತಬೇಕು. ಎತ್ತಲು ಯಾರಾದರೂ ಬೇಕು. ಊರಿಗೆ ಗಪ್ಸನ್ ಇದ್ದಳು.

ಮೂರು ಹಲ್ಲಿನ ಗುದ್ದಲಿ ಹೊಡೆಯುವುದು, ಜಗ್ಗುವುದು, ಕಿತ್ತು ಗೋಡೆಯಾಚೆ ಎಸೆಯುವುದು. ನೀರು ಕುಡಿದ ಹುಲ್ಲು ಕಲ್ಲಿನಷ್ಟು ಭಾರ. ಹಂದಿ ನಡುನಡುವೆ ಬಂದು ತೊಡೆಗೆ ಮೂತಿ ಒತ್ತುತ್ತಿತ್ತು. ಕಾಲ್ಬೆರಳ ಸಂದಿಗಳು ಬೆಂದು ಬಿಳಿಚಿದ್ದವು. ಸೊಂಟ ಮಧ್ಯಾಹ್ನಕ್ಕೆ ಮೊದಲೇ ಸತ್ತಿರುತ್ತಿತ್ತು. ಕೂಲಿ ಏನು ಎಂದರೆ ಗೊಬ್ಬರವೇ ಕೂಲಿ. ಒಳ್ಳೆಯದನ್ನೆಲ್ಲ ತಮ್ಮ ಹೊಲಕ್ಕೆ ಸಾಗಿಸಿಕೊಂಡು, ತಳಕ್ಕೆ ಅಂಟಿದ್ದನ್ನು ಕೆರೆದುಕೋ ಎಂದು ಅವಳಿಗೆ ಬಿಡುತ್ತಿದ್ದರು. ಬಿಟ್ಟು, ತಾವು ದೊಡ್ಡ ಧರ್ಮ ಮಾಡಿದೆವು ಎಂದುಕೊಳ್ಳುತ್ತಿದ್ದರು.

ಪಕ್ಕದ ಗೋಡೆಯ ಮೇಲಿಂದ ಹ್ಯೊನ್ ಮುದುಕಿ ಇಣುಕಿದಳು. ಹಲ್ಲಿಲ್ಲ, ಕಿವಿ ಮಂದ, ನಾಲಿಗೆ ಮಾತ್ರ ಹೊಸದಾಗಿ ಸಾಣೆ ಹಿಡಿಸಿದ್ದು.

"ಏನೇ ಅದು, ಬೆಳ್‌ಬೆಳಿಗ್ಗೆ ಬಡ್ಕೊಂಡಿದ್ದು?"

"ಊರಲ್ಲಿ ವಾಸನೆ ಇರಬಾರ್ದಂತೆ, ಸಂಚುನ್."

"ಹಂಗಾದ್ರೆ ಮೊದ್ಲು ಅವ್ನು ಉಣ್ಣೋದು ಬಿಡ್ಲಿ. ಮೇಲಿಂದ ಬೀಳೋದು ನಿಂತ್ರೆ ಕೆಳಗಿಂದ ನಾರೋದೂ ನಿಲ್ತದೆ."

ಆ ದ್ವೀಪದಲ್ಲಿ ಹಿರಿಯರೆಲ್ಲರೂ ಸಂಚುನ್. ಗಂಡಾದರೂ ಸಂಚುನ್, ಹೆಣ್ಣಾದರೂ ಸಂಚುನ್. ನೆಂಟಸ್ತಿಕೆ ಇರಲಿ ಬಿಡಲಿ ಸಂಚುನ್. ಕುಡಿದು ಚರಂಡಿಗೆ ಬಿದ್ದವನೂ ಸಂಚುನ್, ಕೋಳಿ ಕದ್ದವಳೂ ಸಂಚುನ್. ಗಪ್ಸನ್ ಐವತ್ತರ ಹತ್ತಿರದವಳು. ಅವಳಿಗಿಂತ ಕಿರಿಯರು ಊರು ತುಂಬ ಇದ್ದರು. ಒಬ್ಬರ ಬಾಯಲ್ಲೂ ಅವಳಿಗಾಗಿ ಆ ಮಾತು ಬಂದಿರಲಿಲ್ಲ. "ಏಯ್" ಎನ್ನುತ್ತಿದ್ದರು. ಕೆಲಸ ಹೆಚ್ಚಿದ್ದಾಗ ಸ್ವಲ್ಪ ಪ್ರೀತಿ ಸೇರಿಸಿ "ಏಯ್ ಹಟ್ಟಿ" ಎನ್ನುತ್ತಿದ್ದರು.

ಕಾರಣ ಎಲ್ಲರಿಗೂ ಗೊತ್ತು. ದಂಗೆ ಅಡಗಿಸಲು ಬಂದ ಸೈನ್ಯ ಮೇಲಿನ ಹಳ್ಳಿಗಳನ್ನೆಲ್ಲ ಸುಟ್ಟ ಆ ಕೆಟ್ಟ ಚಳಿಗಾಲದಲ್ಲಿ, ಅವಳಪ್ಪ ಗುಡ್ಡಕ್ಕೆ ಹೋದ. ಬಂದೂಕು ಹಿಡಿಯಲು ಹೋದನೋ, ಜೀವ ಹಿಡಿದುಕೊಂಡು ಹೋದನೋ ಎಂದು ಯಾರೂ ಕೇಳಲಿಲ್ಲ. ವಾಪಸು ಬರಲಿಲ್ಲ. ಅಂದಿನಿಂದ ಅವಳು ಗುಡ್ಡಕ್ಕೆ ಹೋದವನ ಮಗಳು. ಅವಳನ್ನು ಕಟ್ಟಿಕೊಂಡ ಪಾಪಕ್ಕೆ ಗಂಡನಿಗೆ ಹಡಗಿನ ಕೆಲಸ ಸಿಗಲಿಲ್ಲ, ಕುಡಿದು ಸತ್ತ. ಅವಳಿಗೆ ಎತ್ತು ಕೊಟ್ಟರೆ ಠಾಣೆಯವರು ಎತ್ತನ್ನೂ ಕರೆದು ವಿಚಾರಿಸುತ್ತಾರೆ ಎಂದು ಜನ ತಮಾಷೆ ಮಾಡುತ್ತಿದ್ದರು. ತಮಾಷೆ ಮಾಡಿ ನಗುತ್ತಿದ್ದರು, ಎತ್ತು ಕೊಡುತ್ತಿರಲಿಲ್ಲ.

ಅವಳಿಗೆ ಉಳಿದದ್ದು ಅಪ್ಪನ ಹೊಲ ಒಂದೇ. ಸುಟ್ಟ ಹಳ್ಳಿಯ ಪಕ್ಕದ್ದು, ಯಾರಿಗೂ ಬೇಡವಾದದ್ದು. ಬೂದಿಯಂಥ ಮಣ್ಣು. ಬರೀ ಬೀಜ ಎರಚಿದರೆ ಕಡಲಗಾಳಿ ಬೀಜವನ್ನೂ ಮಣ್ಣನ್ನೂ ಒಟ್ಟಿಗೇ ಹಾರಿಸಿಕೊಂಡು ಹೋಗುತ್ತದೆ. ಅದಕ್ಕೇ ಅಲ್ಲಿಯವರು ಬೀಜವನ್ನು ಮೊದಲು ಹಂದಿಗೊಬ್ಬರಕ್ಕೆ ಎರಚಿ, ಎತ್ತು ಕುದುರೆ ಬಿಟ್ಟು ತುಳಿಸಿ, ಬೀಜ ಅಂಟಿಕೊಂಡ ಗೊಬ್ಬರವನ್ನೇ ಒಯ್ದು ಹೊಲದಲ್ಲಿ ಚೆಲ್ಲಿ ಮಣ್ಣು ಮುಚ್ಚುತ್ತಾರೆ. ಗಪ್ಸನ್‌ಗೆ ಎತ್ತಿಲ್ಲ, ಕುದುರೆಯಿಲ್ಲ. ತಾನೇ ತುಳಿಯುತ್ತಿದ್ದಳು. ಬೇಸಿಗೆಯಿಡೀ ಗೆಣಸು, ಕಡಲಪಾಚಿ ತಿಂದು ಉಳಿಸಿದ ಬೀಜದ ಜವೆಯನ್ನು ಒಂದು ಕಾಳೂ ಬಿಡದೆ ತನ್ನ ಗುಡಿಸಲ ಮುಂದಿನ, ರಸ್ತೆಯಂಚಿನ ಗುಪ್ಪೆಗೆ ಸುರಿದು, ಮೊನ್ನೆ ತಾನೆ ತುಳಿದು ಮುಗಿಸಿದ್ದಳು. ಹಿಮ್ಮಡಿ ಇನ್ನೂ ಉರಿಯುತ್ತಿತ್ತು. ಬರುವ ವರ್ಷದ ಅವಳ ಅನ್ನವೆಲ್ಲ ಆ ಗುಪ್ಪೆಯೊಳಗಿತ್ತು.

ಮಧ್ಯಾಹ್ನ ದಲ್ಸು ಗುಪ್ಪೆಯ ಹತ್ತಿರ ಬಂದ. ಹಸಿರು ಟೋಪಿ, ಕೈಗೆ ಬಿಳಿ ಗವಸು. ಮುಖಂಡನಾದ ಮೇಲೆ ಅವನು ಗವಸು ಹಾಕಲು ಶುರು ಮಾಡಿದ್ದ. ಗವಸು ಕೊಳೆಯಾದೀತೆಂದು ಕೆಲಸ ಬಿಟ್ಟಿದ್ದ.

"ಏಯ್, ಏನಿದು?"

"ಗೊಬ್ಬರ, ಮುಖಂಡ್ರೇ."

"ಅದು ಮೂಗಿಗೇ ಗೊತ್ತಾಗ್ತದೆ. ಇಲ್ಲಿ ಯಾಕಿದೆ? ಬೆಳಿಗ್ಗೆ ಮೈಕಲ್ಲಿ ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಎಲ್ಲಾ ಕೇಳಿಸ್ತಪ್ಪಾ," ಎಂದಳು ಹ್ಯೊನ್ ಮುದುಕಿ, ಬಿಸಿಲು ಕಾಯಿಸುತ್ತ ಕೂತಿದ್ದವಳು. "ಗಂಜಿ ಆಯ್ತೋ ಇಲ್ವೋ ಅನ್ನೋದೊಂದು ಗೊತ್ತಾಗ್ಲಿಲ್ಲ."

ಗಪ್ಸನ್ ಸೊಂಟ ಬಗ್ಗಿಸಿ ಕೇಳಿಕೊಂಡಳು.

"ನಾಕು ದಿನ ಬಿಡಿ. ಬೆನ್ನ ಮೇಲೆ ಹೊತ್ತು ಸಾಗಿಸ್ಬಿಡ್ತೀನಿ. ಇಲ್ಲಾ ನಿಮ್ಮೆತ್ತು ಒಂದಿನ ಕೊಟ್ರೆ ನಾಳೇನೇ ಖಾಲಿ ಮಾಡ್ತೀನಿ."

"ನನ್ನೆತ್ತು? ನಿನ್ನ ಹೇಲು ನನ್ನೆತ್ತು ಹೊರಬೇಕಾ?"

ಅದರಲ್ಲಿ ಹೆಚ್ಚಿನ ಪಾಲು ಅವನ ಮನೆಯದ್ದೇ.

"ನಾಳೆ ಬೆಳಿಗ್ಗೆ ಇದು ಇಲ್ಲಿ ಇರಕೂಡ್ದು. ಸಮುದ್ರಕ್ಕೆ ಹಾಕು."

"ಅಯ್ಯೋ, ಬೀಜ ಇದೆ ಇದ್ರಲ್ಲಿ! ತುಳ್ದಾಗಿದೆ. ನನ್ನ ಬೀಜ ಎಲ್ಲಾ ಇದ್ರೊಳಗೇ..."

"ಬೀಜಾನಾ? ನಿನ್ನ ಬೊಗಸೆ ಬೀಜಕ್ಕೆ ಊರಿನ ಮಾನ ಹೋಗ್ಬೇಕಾ? ನೋಡು, ನಾನು ಒಳ್ಳೇವ್ನು ಅಂತ ಇಲ್ಲೀಗಂಟ ನಿನ್ನ ಸುದ್ದಿ ಠಾಣೆಗೆ ಹೋಗಿಲ್ಲ. ಗುಡ್ಡಕ್ಕೆ ಹೋದವ್ನ ಮಗಳು ಬೇಕೂಂತ್ಲೇ ಸಾಹೇಬ್ರ ದಾರೀಲಿ ತಿಪ್ಪೆ ಹಾಕವ್ಳೆ ಅಂತ ಒಂದು ಮಾತು ಅಂದ್ರೆ ಏನಾಗ್ತದೆ, ಗೊತ್ತಲ್ಲ?"

ಗೊತ್ತಿತ್ತು. ಗಪ್ಸನ್ ಅಭ್ಯಾಸಬಲದಿಂದ ತಲೆ ತಗ್ಗಿಸಿದಳು.

ಆಗ ದಲ್ಸುವಿನ ಕಣ್ಣು ರಸ್ತೆಯುದ್ದಕ್ಕೂ ಹೋಯಿತು. ಸಾಹೇಬರ ಸಲುವಾಗಿ ಅವನು ಅಲ್ಲಿ ಹೂವಿನ ಪಾತಿ ತೆಗೆಸಿದ್ದ. ಊರಿನ ಈ ತುದಿಯಿಂದ ಆ ತುದಿಗೆ ಉದ್ದ ಕಾಲುವೆಯಂಥ ಪಾತಿ. ಅಂಚಿಗೆ ಕಲ್ಲು, ಕಲ್ಲಿಗೆ ಸುಣ್ಣ. ಸೇವಂತಿಗೆ ಕುಂಡಗಳು ಲಾರಿಯಲ್ಲಿ ಬರುವುದಿತ್ತು. ಪಾತಿಯೊಳಗೆ ಹಾಕಲು ಮಣ್ಣಿರಲಿಲ್ಲ. ಕೆಂಪು ಜಲ್ಲಿಕಲ್ಲು ಮಾತ್ರ ಇತ್ತು. ಮುಖಂಡ ಪಾತಿ ನೋಡಿದ, ಗುಪ್ಪೆ ನೋಡಿದ, ಮತ್ತೆ ಪಾತಿ ನೋಡಿದ. ಅವನ ಮುಖ ಅರಳಿತು.

"ಸಮುದ್ರಕ್ಕೆ ಬೇಡ. ಎಲ್ಲಾನೂ ಪಾತಿಗೆ ತುಂಬು. ಮೇಲೆ ಒಂದು ಪದರ ಮಣ್ಣು ಮುಚ್ಚು. ವಾಸ್ನೆಗೆ ವಾಸ್ನೆ ಹೋಯ್ತು, ಹೂವಿಗೆ ಗೊಬ್ಬರ ಆಯ್ತು. ತಲೆ ಅಂದ್ರೆ ಇದು!"

"ಬೀಜ ಇದೆ ಮುಖಂಡ್ರೇ," ಎಂದಳು ಅವಳು ಮತ್ತೊಮ್ಮೆ.

"ಇದ್ರೆ ಇರ್ಲಿ. ಮಣ್ಣಲ್ಲಿ ಹೂತ್ರೆ ಕೊಳೀತದೆ ಬಿಡು!"

ಹ್ಯೊನ್ ಮುದುಕಿ ಬಾಯಿಗೆ ಅಂಗಿಯ ತೋಳು ಒತ್ತಿಕೊಂಡಳು. ಬೀಜ ತುಳಿದ ಗೊಬ್ಬರವನ್ನು ಮಣ್ಣಲ್ಲಿ ಹೂಳುವುದಕ್ಕೆ ಆ ದ್ವೀಪದಲ್ಲಿ ಒಂದು ಹೆಸರಿದೆ. ಬಿತ್ತನೆ. ನಡೆಯಲು ಕಲಿತ ಕೂಸಿಗೂ ಅದು ಗೊತ್ತು. ಗವಸು ಹಾಕಿದ ಮೇಲೆ ಮುಖಂಡನಿಗೆ ಮರೆತುಹೋಗಿತ್ತು.

ಗಪ್ಸನ್ ತಲೆಯೆತ್ತಿ ಅವನ ಮುಖ ನೋಡಿದಳು.

"ಸರಿ," ಎಂದಳು.

"ಹಾಂ, ಹಂಗೆ ಬಾ ದಾರಿಗೆ. ಬೇಜಾರು ಮಾಡ್ಕೋಬೇಡ, ನಿಂಗೊಂದು ಮೂಟೆ ಬಿಳೀ ಗೊಬ್ಬರ ಕೊಡಿಸ್ತೀನಿ. ಕಾರ್ಖಾನೇದು. ಹಂದೀನೂ ಬೇಡ ಹೇಲೂ ಬೇಡ. ಮತ್ತೆ ನೋಡು, ಸಾಹೇಬ್ರು ಬರೋ ದಿನ ನೀನು ಹೊರಗೆ ಬರ್ಬೇಡ. ಎಷ್ಟು ತೊಳ್ದ್ರೂ ನಿನ್ನ ಮೈ ನಾರೋದು ಹೋಗಲ್ಲ."

ಅಂದು ಸಂಜೆಯವರೆಗೂ, ಮರುದಿನ ಬೆಳಗಿನಿಂದಲೂ ಅವಳು ಬುಟ್ಟಿ ಹೊತ್ತಳು. ಹಗ್ಗ ಹೆಗಲಿಗೆ ಕಚ್ಚಿ ಚರ್ಮ ಸುಲಿಯಿತು. ಗೊಬ್ಬರದ ರಸ ಬೆನ್ನಿಂದ ಇಳಿದು ಸುಲಿದ ಜಾಗಕ್ಕೆ ತಾಗಿ ಚುರುಗುಟ್ಟಿತು. ಪಾತಿಯ ಪಕ್ಕ ಹೋಗುತ್ತಿದ್ದವರು ಮೂಗು ಮುಚ್ಚಿಕೊಂಡರು. ಅವಳು ಗೊಬ್ಬರವನ್ನು ರಾಶಿ ಸುರಿಯಲಿಲ್ಲ. ಹಿಡಿಹಿಡಿಯಾಗಿ ಹರಿದು, ಬೆರಳಲ್ಲಿ ಬಿಡಿಸಿ, ಹೊಲದಲ್ಲಿ ಹೇಗೋ ಹಾಗೆ ಚೆಲ್ಲಿದಳು. ಅಪ್ಪನ ಹೊಲದಂಚಿನ ಮಣ್ಣು ಹೊತ್ತು ತಂದು ಮೇಲೆ ತೆಳ್ಳಗೆ ಮುಚ್ಚಿದಳು. ಕೊನೆಗೆ ಬರಿಗಾಲಲ್ಲಿ ತುಳಿದು ಗಟ್ಟಿ ಮಾಡಿದಳು.

"ಹೂವಿಗೆ ಇಷ್ಟು ಮುತುವರ್ಜಿನಾ?" ಎಂದು ದಲ್ಸು ಮೆಚ್ಚಿಕೊಂಡ.

ಮುದುಕಿ ಆ ಕಡೆ ತಿರುಗಿ ಕೂತು ಕೆಮ್ಮಿದಳು. ಎಷ್ಟು ಕೆಮ್ಮಿದಳೆಂದರೆ ಕಣ್ಣಲ್ಲಿ ನೀರು ಬಂತು.

ಸಾಹೇಬರು ಬರಲಿಲ್ಲ. ಗಾಳಿ ಎದ್ದು ಹಡಗು ಹೊರಡಲೇ ಇಲ್ಲ. ಊರವರು ಹೊಸ ಬಟ್ಟೆ ಹಾಕಿಕೊಂಡು, ಹಂದಿಗಳ ಮೇಲೆ ಚಾಪೆ ಮುಚ್ಚಿ, ಇಡೀ ದಿನ ರಸ್ತೆಯಲ್ಲಿ ನಿಂತು ಕಾದರು. ಚಾಪೆಯಡಿಯಿಂದ ಹಂದಿಗಳು ಮಾದರಿ ಊರಿಗೆ ಹೊಂದದ ರೀತಿಯಲ್ಲಿ ಕಿರುಚಿದವು. ಉಪ್ಪುಗಾಳಿಗೆ ಸೇವಂತಿಗೆಯೆಲ್ಲ ಸುಟ್ಟು ಕಪ್ಪಾಯಿತು. ದಲ್ಸು ಸತ್ತ ಗಿಡಗಳಿಗೆ ನೀರು ಹಾಕಿಸಿದ. ಗಿಡ ಏಳಲಿಲ್ಲ. ಎದ್ದದ್ದು ಬೇರೆ.

ಒಂದು ಮುಂಜಾನೆ ಊರಿನ ಈ ತುದಿಯಿಂದ ಆ ತುದಿಗೆ, ಸುಣ್ಣ ಬಳಿದ ಕಲ್ಲುಗಳ ನಡುವೆ, ಪಾತಿ ಹಸಿರಾಗಿತ್ತು.

ದಲ್ಸು ಬಗ್ಗಿ ನೋಡಿದ. ಕಿತ್ತು ಮೂಸಿದ. ಅವನ ಕಿವಿ ಕೆಂಪಾಯಿತು.

"ಏಯ್ ಹಟ್ಟಿ! ಏನೇ ಇದು?"

"ಜವೆ."

"ನನ್ನ ಹೂವಿನ ಪಾತೀಲಿ ಜವೆ ಬಿತ್ತಿದ್ಯಾ?"

"ನಾನು ಎಲ್ಲಿ ಬಿತ್ತಿದೆ? ನೀವು ಹೂಳು ಅಂದ್ರಿ, ಹೂತೆ. ಬೀಜ ಇದೆ ಅಂತ ಎರಡು ಸಲ ಅಂದೆ. ಕೊಳೀತದೆ ಅಂದ್ರಿ. ಅದು ನಿಮ್ಮ ಮಾತು ಕೇಳಿಲ್ಲ."

ಸುತ್ತ ನಿಂತವರಲ್ಲಿ ಯಾರೋ ಕಿಸಕ್ಕೆಂದರು.

"ಕೀಳು! ಎಲ್ಲಾ ಕಿತ್ತು ಬಿಸಾಕು, ಈಗ್ಲೇ!"

"ಕೀಳಲ್ಲ," ಎಂದಳು ಗಪ್ಸನ್.

ಅವಳ ಬಾಯಲ್ಲಿ ಆ ಮಾತನ್ನು ಆ ಊರು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಹೇಳಿ, ಪಾತಿಗೆ ಅಡ್ಡವಾಗಿ ನಿಂತಳು.

ದಲ್ಸು ಗಂಡಸರ ಕಡೆ ತಿರುಗಿದ. "ನೀವು ಕೀಳ್ರೋ!" ಒಬ್ಬ ಆಕಾಶ ನೋಡಿದ. ಇನ್ನೊಬ್ಬ ಚಪ್ಪಲಿ ಸರಿಮಾಡಿಕೊಂಡ. ಅವಳ ಮೇಲಿನ ಮಮತೆಯೇನಲ್ಲ. ಹುಲ್ಲಿನ ಬೇರು ಬೇಯಿಸಿ ತಿಂದ ವರ್ಷಗಳನ್ನು ಕಂಡ ಊರು ಅದು. ಮೊಳೆತ ಜವೆ ಕೀಳುವ ಕೈ ಅಲ್ಲಿ ಯಾರಿಗೂ ಇರಲಿಲ್ಲ. ದಲ್ಸುವೇ ಬಗ್ಗಿದ. ಬಿಳಿ ಗವಸಿನ ಕೈ ಜವೆಯ ಬುಡದವರೆಗೆ ಹೋಗಿ ನಿಂತಿತು. "ಥೂ," ಎಂದು ಎದ್ದು ಹೋದ.

ಆಮೇಲೆ ಅವನ ಅದೃಷ್ಟ ತಿರುಗಿತು. ಸಾಹೇಬರು ಬೇಸಿಗೆಯ ಮೊದಲಿಗೆ ಬರುತ್ತಾರೆಂದು ಸುದ್ದಿ ಬಂತು. ಹೂವು ನೋಡಲು ಅಲ್ಲ, ಹೊಸ ಗೊಬ್ಬರದಿಂದ ಊರಲ್ಲಿ ಬೆಳೆ ಹೇಗೆ ಬಂದಿದೆ ಎಂದು ನೋಡಲು. ದಲ್ಸು ಪಾತಿಯ ಮುಂದೆ ಬಹಳ ಹೊತ್ತು ನಿಂತ. ಸಂಜೆಯೊಳಗೆ ಅಲ್ಲೊಂದು ಬೋರ್ಡು ನಿಂತಿತು: ಕಾರ್ಖಾನೆ ಗೊಬ್ಬರದ ಮಾದರಿ ಬೆಳೆ. ಮುಟ್ಟಬಾರದು.

ಊರಲ್ಲಿ ಹಲವರು ಆ ವರ್ಷ ಹಂದಿ ಮಾರಿ ಮೂಟೆ ಗೊಬ್ಬರ ತಂದಿದ್ದರು. ಮುಖಂಡ ಹೇಳಿದ್ದ, ತಂದರು. ಮುಖಂಡ ಮಾತ್ರ ತನ್ನ ಹಂದಿ ಮಾರಲಿಲ್ಲ. ಮಗಳ ಮದುವೆಗೆ ಬೇಕೆಂದು ಇಟ್ಟುಕೊಂಡ. ಬಿಳಿ ಕಾಳು ಎರಚಿದರು. ಮಳೆ ಬಂತು. ಕಲ್ಲಿನ ಸಂದಿಗಳು ಬಿಳಿ ಕಾಳನ್ನು ಮಳೆಯ ಜೊತೆಗೇ ಕುಡಿದುಬಿಟ್ಟವು. ಹೊಲಗಳಲ್ಲಿ ಜವೆ ಬಡಕಲಾಗಿ, ಹಳದಿಯಾಗಿ ಎದ್ದಿತು. ರಸ್ತೆಯ ಪಾತಿಯಲ್ಲಿ ಕಡುಹಸಿರಾಗಿ, ದಂಡುದಂಡಾಗಿ ಎದ್ದಿತು. ಬೋರ್ಡು ಓದಿ ಜನ ನಕ್ಕರು. ಜೋರಾಗಿ ನಗಲಿಲ್ಲ.

ಗಪ್ಸನ್ ಚಳಿಯಲ್ಲಿ ಪಾತಿ ತುಳಿದಳು. ಹೆಪ್ಪುಗಟ್ಟಿ ಉಬ್ಬಿದ ಮಣ್ಣಿಂದ ಬೇರು ಮೇಲೇಳದಂತೆ ಪಕ್ಕಪಕ್ಕಕ್ಕೆ ಹೆಜ್ಜೆಯಿಟ್ಟು ತುಳಿಯಬೇಕು. ದಾರಿಯಲ್ಲಿ ಹೋಗುವವರ ಮುಂದೆಯೇ ತುಳಿದಳು. "ಬೋರ್ಡು ಓದಕ್ಕೆ ಬರಲ್ವಾ?" ಎಂದು ದಲ್ಸು ಕಿರುಚಿದ. "ಬರಲ್ಲ," ಎಂದಳು. ಅದು ನಿಜವೂ ಆಗಿತ್ತು. ಹಿಮ ಕರಗಿದ ಮೇಲೆ ಕಳೆ ಕಿತ್ತಳು. ನಡುನಡುವೆ ಎಂದಿನಂತೆ ಹಟ್ಟಿಗಳಿಗೂ ಇಳಿಯುತ್ತಿದ್ದಳು. ತೆನೆ ಹಾಲುಗಟ್ಟುವ ಹೊತ್ತಿಗೆ ಅವಳ ಗುಡಿಸಲಲ್ಲಿ ಗೆಣಸೂ ಮುಗಿದಿತ್ತು. ಕಡಲಪಾಚಿ ಬೇಯಿಸಿದ ನೀರು ಕುಡಿದು ಮಲಗುತ್ತಿದ್ದಳು. ಬೇರೆಯವರಿಗೂ ಆ ದಿನಗಳಲ್ಲಿ ಹಸಿವೇ. ಅವರಿಗೆ ಸಾಲ ಕೊಡುವವರಿದ್ದರು, ಅವಳಿಗೆ ಇರಲಿಲ್ಲ.

ಜವೆ ಹಣ್ಣಾದಾಗ ದಲ್ಸುವಿನ ಹಿತ್ತಲಿಗೆ ಹೋಗಿ ಕೇಳಿದಳು.

"ಕೊಯ್ತೀನಿ, ಮುಖಂಡ್ರೇ."

"ಏನನ್ನ?"

"ನನ್ನ ಜವೇನ."

"ನಿನ್ನದು ಅಂತ ಯಾರಂದ್ರು? ಊರ ಪಾತಿ, ಊರ ಬೆಳೆ. ಸಾಹೇಬ್ರು ನೋಡಿ, ಫೋಟೋ ತೆಗೆಸಿ, ಆಮೇಲೆ ಕ್ವಿಂಟಾಲ್ ಲೆಕ್ಕ ಹಾಕಿ ಊರ ಉಗ್ರಾಣಕ್ಕೆ ಹೋಗ್ತದೆ. ನಿಂಗೆ ಒಂದು ಮೂಟೆ ಗೊಬ್ಬರ ಕೊಟ್ಟಿದೀನಲ್ಲ? ಇನ್ನೇನು ಬೇಕು?"

"ಅದನ್ನ ಬೇಯ್ಸಿ ತಿನ್ನಕ್ಕಾಗಲ್ಲ."

"ಬಾಯಿ ಬಂದಿದೆ ನಿಂಗೆ! ಸಾಹೇಬ್ರು ಬರೋ ದಿನ ಗುಡಿಸಲ ಬಾಗ್ಲು ದಾಟಿದ್ರೆ ನೋಡು."

ಊರ ಉಗ್ರಾಣ ದಲ್ಸುವಿನ ಮನೆಯ ಹಿಂದಿನ ಕೋಣೆ. ಬೀಗದ ಕೈ ಅವನ ಸೊಂಟದಲ್ಲಿ.

ಸಾಹೇಬರು ಬಂದ ದಿನ ಕಡಲ ಕಡೆ ಮೋಡ ಕಪ್ಪಗೆ ಕಟ್ಟಿತ್ತು. ಮಳೆಗಾಲ ಒಂದು ದಿನದ ದೂರದಲ್ಲಿತ್ತೋ ಒಂದು ಗಳಿಗೆಯ ದೂರದಲ್ಲಿತ್ತೋ ಹೇಳಲಾಗುತ್ತಿರಲಿಲ್ಲ. ಹಣ್ಣಾದ ಜವೆ ಮಳೆಗೆ ನೆನೆದರೆ ತೆನೆಯಲ್ಲೇ ಮೊಳೆಯುತ್ತದೆ. ಗಪ್ಸನ್ ಬಾಗಿಲ ಸಂದಿಯಿಂದ ಮೋಡ ನೋಡಿದಳು, ಜವೆ ನೋಡಿದಳು. ಕುಡುಗೋಲು ತೆಗೆದುಕೊಂಡಳು.

ಪಾತಿಯ ಆ ತುದಿಯಲ್ಲಿ ಮೈಕು, ಕುರ್ಚಿ, ಟೇಬಲ್ ಬಟ್ಟೆ. ಸಾಹೇಬರು ದುಂಡಗಿದ್ದರು. ಹಟ್ಟಿಗಳಿಗೆಲ್ಲ ಚಾಪೆ ಮುಚ್ಚಿದ್ದರೂ ಕೈಯಲ್ಲಿ ಕರವಸ್ತ್ರ ಹಿಡಿದಿದ್ದರು. ದಲ್ಸು ಮೈಕಿನಲ್ಲಿ ಹೇಳುತ್ತಿದ್ದ: ಹಿಂದೆ ಈ ಊರಲ್ಲಿ ಕತ್ತಲೆಯಿತ್ತು, ನಾತವಿತ್ತು; ಈಗ ನೋಡಿ, ಬಿಳಿ ಗೊಬ್ಬರದ ಮಹಿಮೆ, ಎದೆಯೆತ್ತರದ ಜವೆ! ಸಾಹೇಬರು ತೆನೆ ಹಿಡಿದು ನೋಡಿ "ಭೇಷ್, ಭೇಷ್" ಎಂದರು.

ಈ ತುದಿಯಿಂದ ಸರಕ್ ಸರಕ್ ಎಂದು ಸದ್ದು ಬಂತು.

ಜನ ತಿರುಗಿದರು. ಗಪ್ಸನ್ ಬಗ್ಗಿ ಕೊಯ್ಯುತ್ತಿದ್ದಳು. ಎಡಗೈಯಲ್ಲಿ ಹಿಡಿ, ಬಲಗೈಯಲ್ಲಿ ಕುಡುಗೋಲು; ಕೊಯ್ದದ್ದನ್ನು ಸುಣ್ಣದ ಕಲ್ಲಿನ ಮೇಲೆ ಒರಗಿಸುತ್ತ ಮುಂದೆ ಬರುತ್ತಿದ್ದಳು. ಅವಳ ಹಿಂದೆ ಮಾದರಿ ಬೆಳೆ ಇರಲಿಲ್ಲ. ಕೂಳೆ ಇತ್ತು.

"ಆ ಹೆಂಗಸು ಯಾರು?" ಎಂದರು ಸಾಹೇಬರು.

ದಲ್ಸು ತೊದಲಿದ. "ಅದು... ಅವರು... ಈ ಬೆಳೆ ಬೆಳೆದ ರೈತ ಮಹಿಳೆ, ಸಾರ್. ನಮ್ಮ ಮಾದರಿ ಮಹಿಳೆ."

"ಓಹೋ! ಕರೀರಿ, ಕರೀರಿ. ಒಂದು ಫೋಟೋ ಆಗ್ಲಿ."

ಮೈಕು ದಲ್ಸುವಿನ ಬಾಯ ಮುಂದಿತ್ತು. ಸಾಹೇಬರು ಪಕ್ಕದಲ್ಲಿದ್ದರು. ಮಾದರಿ ಮಹಿಳೆಯನ್ನು ಏಯ್ ಎನ್ನಲು ಬಾರದು.

"ಗಪ್ಸನ್ ಸಂಚುನ್," ಎಂದ. "ಸ್ವಲ್ಪ ಈ ಕಡೆ ಬನ್ನಿ, ಸಂಚುನ್."

ಎಲ್ಲ ಕಂಬಗಳ ಹಾರ್ನುಗಳೂ ಅದನ್ನು ಕೂಗಿದವು. ಗಪ್ಸನ್ ಕೈಯ ಕುಡುಗೋಲು ನಿಂತಿತು. ಇಷ್ಟು ವರ್ಷ ಆ ಮಾತಿಗಾಗಿ ಕಾದಿದ್ದಳೇ? ಕಾದಿದ್ದಳು. ಸುಳ್ಳು ಯಾಕೆ ಹೇಳಬೇಕು. ಹಟ್ಟಿಯಿಂದ ಹಿಂತಿರುಗಿ ಬರುವಾಗ ದಾರಿಯ ಮಕ್ಕಳ ಬಾಯಿ ನೋಡುತ್ತ ಬರುತ್ತಿದ್ದಳು. ಈಗ ಅದು ಬಂತು, ಬೇಕಾದವರ ಬಾಯಿಂದಲ್ಲ. ಕುಡುಗೋಲು ಹಿಡಿದೇ ಮೈಕಿನ ಹತ್ತಿರ ನಡೆದಳು.

"ಸಾಹೇಬ್ರಿಗೆ ಹೇಳಿ, ಸಂಚುನ್. ಯಾವ ಗೊಬ್ಬರ ಹಾಕಿದ್ದು ಅಂತ," ಎಂದ ದಲ್ಸು. ಕಣ್ಣಲ್ಲಿ ಮಾತ್ರ ಠಾಣೆ ತೋರಿಸಿದ.

"ನಿಮ್ದು," ಎಂದಳು ಗಪ್ಸನ್.

ಸಾಹೇಬರು ಚಪ್ಪಾಳೆ ತಟ್ಟಿದರು. "ಕೇಳಿದ್ರಾ? ನಮ್ಮ ಗೊಬ್ಬರ!"

"ನಿಮ್ದಲ್ಲ ಸಾಹೇಬ್ರೇ, ಇವ್ರದ್ದು. ಮುಖಂಡ್ರ ಮನೇದು. ಇವ್ರು ಮೇಲೆ ಕೂತು ಹಾಕಿದ್ದು, ಕೆಳಗೆ ಹಂದಿ ತಿಂದು ಹಾಕಿದ್ದು, ನಾನು ಬಾಚಿ ಹಾಕಿದ್ದು. ನಿಮ್ಮ ಮೂಟೆ ನನ್ನ ಗುಡಿಸಲಲ್ಲಿದೆ. ಹಗ್ಗ ಬಿಚ್ಚಿಲ್ಲ. ಅದ್ರ ಮೇಲೆ ಕೂತು ಗೆಣಸು ತಿಂತಿದ್ದೆ. ಗೆಣಸು ಮುಗೀತು, ಬೇಕಾದ್ರೆ ವಾಪಸ್ ತಗೊಂಡೋಗಿ."

ಸಾಹೇಬರ ಕರವಸ್ತ್ರ ಮೂಗಿಗೆ ಹೋಯಿತು. ಕೈಯಲ್ಲಿದ್ದ ತೆನೆ ಬಿದ್ದುಹೋಯಿತು. ದಲ್ಸು ಅಂಗೈಯಿಂದ ಮೈಕು ಮುಚ್ಚಿ ಹಲ್ಲು ಕಚ್ಚಿ, "ಗುಡ್ಡಕ್ಕೆ ಹೋದವ್ನ ಮಗಳೇ, ಇವತ್ತೇ ನಿನ್ನ ಠಾಣೆಗೆ ಹಾಕ್ತೀನಿ," ಎಂದ. ಹಾರ್ನುಗಳು ಕೀ ಎಂದವು.

"ಕೈ ತೆಗಿ. ಅದನ್ನೂ ಮೈಕಲ್ಲೇ ಹೇಳು," ಎಂದಳು. ಅವನ ಕೈ ತಾನೇ ತೆಗೆದಳು. ಅವಳ ಕೈಯ ಮಣ್ಣು ಬಿಳಿ ಗವಸಿಗೆ ಅಂಟಿತು. "ಹೌದು, ನಮ್ಮಪ್ಪ ಗುಡ್ಡಕ್ಕೆ ಹೋದ. ಅದಕ್ಕೇ ಇಷ್ಟು ವರ್ಷ ನಿಮ್ಮೆಲ್ಲರ ಹೇಲು ಬಾಚಿದೆ. ನಿಮ್ಮಪ್ಪ ಎಲ್ಲಿಗೂ ಹೋಗ್ಲಿಲ್ಲ, ಚಪ್ಪಡಿ ಮೇಲೆ ಕೂತಿದ್ದ. ಅದನ್ನೂ ನಾನೇ ಬಾಚಿದ್ದು."

ಅವಳು ಹಿಂತಿರುಗಿ ಬಿಟ್ಟ ಜಾಗದಿಂದಲೇ ಕೊಯ್ಯಲು ಬಗ್ಗಿದಳು.

"ಸಂಚುನ್! ನಿಲ್ಸಿ ಸಂಚುನ್!" ಎಂದು ದಲ್ಸು ಗಾಬರಿಯಲ್ಲಿ ಮೈಕಿನಲ್ಲೇ ಕೂಗಿದ.

"ಯಾರನ್ನ ಕರೀತಿದೀಯಾ?" ಎಂದಳು ತಲೆಯೆತ್ತದೆ. "ನಾನು ಹಟ್ಟಿ. ಇವತ್ತಿಂದ ನಿನ್ನ ಹಟ್ಟಿ ನೀನೇ ಬಾಚ್ಕೋ."

ಹ್ಯೊನ್ ಮುದುಕಿ ಎಲ್ಲಿಂದಲೋ ಮೊಂಡು ಕುಡುಗೋಲು ಹುಡುಕಿ ತಂದು ಇನ್ನೊಂದು ಬದಿಯಿಂದ ಕೊಯ್ಯತೊಡಗಿದಳು. ಹನಿ ಬೀಳುವ ಹೊತ್ತಿಗೆ ಕೊನೆಯ ಹೊರೆ ಗುಡಿಸಲು ಸೇರಿತ್ತು. ಸಾಹೇಬರ ಕಾರು ಅಷ್ಟರಲ್ಲಿ ಹೋಗಿತ್ತು. ಬೋರ್ಡು ಕೂಳೆಯ ನಡುವೆ ಮುಟ್ಟಬಾರದು ಎನ್ನುತ್ತ ನೆನೆಯಿತು.

ಠಾಣೆಯವರು ಬಂದರು. ಕರೆದುಕೊಂಡು ಹೋಗಿ ಕೂರಿಸಿದರು, ಕೆನ್ನೆಗೆ ಹೊಡೆದರು, ಅಪ್ಪ ಎಲ್ಲಿ ಎಂದು ಕೇಳಿದರು. ಎಷ್ಟೋ ವರ್ಷದ ಹಿಂದೆ ಸತ್ತವನನ್ನು ಅವಳು ಎಲ್ಲಿಂದ ತರಬೇಕು? ಏನು ಮಾಡಿದೆ ಹೇಳು ಎಂದರು. ಜವೆ ಕೊಯ್ದೆ ಎಂದಳು. ಮತ್ತೆ ಕೇಳಿದರು, ಮತ್ತೆ ಜವೆ ಕೊಯ್ದೆ ಎಂದಳು. ತುಟಿ ಒಡೆದುಕೊಂಡು ಊರಿಗೆ ಬಂದಾಗ ಹ್ಯೊನ್ ಮುದುಕಿ ತೆನೆ ಬಡಿದು, ತೂರಿ, ಕಾಳನ್ನು ಚೀಲಕ್ಕೆ ತುಂಬಿ, ಚೀಲದ ಮೇಲೆ ಮಲಗಿದ್ದಳು.

"ಮುಖಂಡ ಬಂದಿದ್ದ ಕಣೆ, ಚೀಲ ಕೇಳ್ಕೊಂಡು. ನನ್ನ ಹೆಣದಡಿ ಇದೆ, ಎತ್ಕೋ ಅಂದೆ," ಎಂದಳು.

ಆ ಚಳಿಗೆ ಮುಂಚೆ ಗಪ್ಸನ್ ಯಾರ ಹಟ್ಟಿಗೂ ಇಳಿಯಲಿಲ್ಲ. ಮುದುಕಿಯ ಹಟ್ಟಿಗೆ ಮಾತ್ರ ಇಳಿದಳು. ಆ ಗೊಬ್ಬರ ಇಬ್ಬರದೂ. ಮೂಟೆ ನೆಚ್ಚಿದವರು ಮತ್ತೆ ಹಂದಿಮರಿ ಹುಡುಕಿಕೊಂಡು ಹೋದರು. ತಮ್ಮ ತಮ್ಮ ಹಟ್ಟಿಗೆ ತಾವೇ ಇಳಿದರು. ದಲ್ಸು ಇಳಿಯಲಿಲ್ಲ. ಮುಖಂಡ ಇಳಿಯುವುದು ಹೇಗೆ? ಮಗಳ ಮದುವೆ ಮುಂದೆ ಹೋಗಿತ್ತು, ಹಂದಿ ಕೊಬ್ಬುತ್ತಲೇ ಇತ್ತು. ಹುಲ್ಲು ಬೀಳುತ್ತಲೇ ಇತ್ತು, ಮೇಲಿಂದ ಬೀಳುವುದೂ ನಿಂತಿರಲಿಲ್ಲ. ಹಟ್ಟಿಯ ತಳ ದಿನದಿಂದ ದಿನಕ್ಕೆ ಮೇಲೇರಿತು. ತಳದ ಜೊತೆ ಹಂದಿಯೂ ಮೇಲೇರಿತು. ಒಂದು ಬೆಳಿಗ್ಗೆ ಚಪ್ಪಡಿಯ ಮೇಲೆ ಕೂತ ಮುಖಂಡನ ಕುಂಡೆಗೆ ಹಂದಿ ಮೂತಿ ಮುಟ್ಟಿಸಿತು. ಅವನು ಅರಚಿದ್ದು ಮೈಕಿಲ್ಲದೆಯೂ ಊರಿಗೆಲ್ಲ ಕೇಳಿಸಿತು.

ಆ ಮಧ್ಯಾಹ್ನ ದಲ್ಸು ಅವಳ ಗುಡಿಸಲ ಮುಂದೆ ಬಂದು ನಿಂತ. ಗವಸು ಹಾಕಿರಲಿಲ್ಲ. ಒಳಗೆ ಜವೆಯ ಅನ್ನ ಕುದಿಯುತ್ತಿತ್ತು.

"ಸಂಚುನ್," ಎಂದ. ಈ ಸಲ ಪಕ್ಕದಲ್ಲಿ ಸಾಹೇಬರಿರಲಿಲ್ಲ. "ಸಂಚುನ್, ಸ್ವಲ್ಪ ಬಂದು ಹೋಗ್ತೀರಾ?"

ಗಪ್ಸನ್ ಹೊರಗೆ ಬಂದಳು. ಗೋಡೆಗೆ ಒರಗಿಸಿದ್ದ ಮೂರು ಹಲ್ಲಿನ ಗುದ್ದಲಿ ತೆಗೆದು ಅವನ ಬರಿಗೈಯಲ್ಲಿಟ್ಟಳು.

"ಗಟ್ಟಿಯಾಗಿ ಹಿಡ್ಕೋ," ಎಂದಳು. "ಮೊದ್ಲ ದಿನ ಅಂಗೈ ಬೊಬ್ಬೆ ಬರ್ತದೆ."

ಒಳಗೆ ಹೋಗಿ ಅನ್ನ ಇಳಿಸಿದಳು.